ಕಲ್ಲಿನೊಳಗಿನ ನೀರು, ಕಲ್ಲನ್ನೇ ಕರಗಿಸುವ ನೀರು

2008ರಲ್ಲಿ ಬ್ರೆಜಿಲ್‌ನ ಜುಯಿನಾ ಪ್ರದೇಶದಲ್ಲಿ, ನದಿಯ ಜಲ್ಲಿಯನ್ನು ಜಾಲಾಡುತ್ತಿದ್ದ ಗಣಿ ಕೆಲಸಗಾರರಿಗೆ ಒಂದು ಪುಟ್ಟ ವಜ್ರ ಸಿಕ್ಕಿತು. ಅಗಲ ಸುಮಾರು 3 ಮಿ.ಮೀ. ತೂಕ 0.1 ಗ್ರಾಮಿಗಿಂತಲೂ ಕಡಿಮೆ. ಒಡವೆಗೆ ಕೂರಿಸುವಂಥ ಕಲ್ಲೇ ಅಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರಹಾಂ ಪಿಯರ್ಸನ್ ಅವರ ತಂಡ ಅದನ್ನು ಪರೀಕ್ಷೆಗೆ ತೆಗೆದುಕೊಂಡಾಗ ಹುಡುಕುತ್ತಿದ್ದದ್ದು ಬೇರೆಯೇ ಖನಿಜವನ್ನು. ಸಿಕ್ಕಿದ್ದು ಮಾತ್ರ ರಿಂಗ್‌ವುಡೈಟ್. ತಲೆಗೂದಲಿನ ದಪ್ಪವೂ ಇಲ್ಲದ ಒಂದು ಕಣ, ವಜ್ರದ ಹೊಟ್ಟೆಯೊಳಗೆ ಭದ್ರವಾಗಿ ಕೂತಿತ್ತು.

ರಿಂಗ್‌ವುಡೈಟ್ ಹುಟ್ಟುವುದು ಸುಮಾರು 520ರಿಂದ 660 ಕಿ.ಮೀ. ಆಳದಲ್ಲಿ. ಮನುಷ್ಯ ಕೊರೆದ ಅತಿ ಆಳದ ರಂಧ್ರ ಅಂದರೆ ರಷ್ಯಾದ ಕೋಲಾ ಕೊಳವೆ. ಅದು ಮುಟ್ಟಿದ್ದು ಬರೀ 12.26 ಕಿ.ಮೀ. ಹಾಗಾಗಿ ಅಷ್ಟು ಆಳದ ಖನಿಜವೊಂದು ತಾನಾಗಿಯೇ ಮೇಲೆ ಬಂದು ಕೈಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಅದಕ್ಕಿಂತ ದೊಡ್ಡ ಸಂಗತಿ ಮುಂದಿದೆ. ಆ ಕಣದ ಮೇಲೆ ಅತಿಗೆಂಪು ಬೆಳಕು ಹಾಯಿಸಿದಾಗ ನೀರಿನ ಗುರುತು ಕಾಣಿಸಿತು. ತೂಕದಲ್ಲಿ ಸುಮಾರು ಶೇ 1.5ರಷ್ಟು ನೀರು. ಒಂದು ಟನ್ ಕಲ್ಲಿಗೆ 15 ಕೆ.ಜಿ. ಅಂದ ಹಾಗಾಯಿತು.

2014ರಲ್ಲಿ ಈ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಬಂದಾಗ, 'ಭೂಮಿಯೊಳಗೆ ಮಹಾಸಾಗರ' ಎಂಬ ತಲೆಬರಹಗಳು ಎಲ್ಲ ಕಡೆ ಹರಿದಾಡಿದವು. ಓದಿದವರ ಕಣ್ಣ ಮುಂದೆ ಬಂದದ್ದು ಕತ್ತಲ ಗುಹೆ, ಅದರಲ್ಲಿ ಅಲೆ ಹೊಡೆಯುವ ನೀರು. ಅಲ್ಲಿ ಗುಹೆಯೂ ಇಲ್ಲ, ಅಲೆಯೂ ಇಲ್ಲ. ಒಂದೇ ಒಂದು ಹನಿ ನೀರೂ ಇಲ್ಲ. ಇರುವುದು ಗಟ್ಟಿ ಕಲ್ಲು. ಆದರೆ ಆ ಕಲ್ಲಿನೊಳಗೆ ನೀರು ಸೇರಿಕೊಂಡಿದೆ. ಕಲ್ಲು ಅದನ್ನು ಎಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದರ ಮೇಲೆ ಭೂಮಿಯ ಒಳಗೆ ಬಹಳಷ್ಟು ನಿರ್ಧಾರವಾಗುತ್ತದೆ. ಜ್ವಾಲಾಮುಖಿಗಳು ಸಾಲಾಗಿ ನಿಲ್ಲುವ ಜಾಗವೂ ಅದರಲ್ಲಿ ಸೇರಿದೆ.

ಮೊದಲು ಒಂದು ತಪ್ಪು ಚಿತ್ರವನ್ನು ಅಳಿಸಿಬಿಡೋಣ. ನಾವು ನಿಂತಿರುವ ತೆಳು ಹೊರಪದರ ಭೂಕವಚ. ಅದರ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೂ ಇರುವುದು ಮ್ಯಾಂಟಲ್. ಇದನ್ನು ಕುದಿಯುವ ಕೆಂಪು ಶಿಲಾಪಾಕದ ಕಡಲು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಶಾಲೆಯ ಪುಸ್ತಕದ ಕೆಂಪು, ಕಿತ್ತಳೆ ಬಣ್ಣದ ಚಿತ್ರಗಳೂ ಇದಕ್ಕೆ ಸ್ವಲ್ಪ ಕಾರಣ. ನಿಜಕ್ಕೂ ಮ್ಯಾಂಟಲ್ ಹೆಚ್ಚೂಕಮ್ಮಿ ಪೂರ್ತಿ ಗಟ್ಟಿ. ಭೂಕಂಪದ ಅಲೆಗಳಲ್ಲಿ 'ಎಸ್' ಅಲೆ ಅಂತ ಒಂದು ಬಗೆ ಇದೆ. ಅದು ದ್ರವದೊಳಗೆ ಹಾಯುವುದೇ ಇಲ್ಲ. ಆದರೆ ಮ್ಯಾಂಟಲ್‌ನಲ್ಲಿ ಸಲೀಸಾಗಿ ಸಾಗುತ್ತದೆ. ಅಲ್ಲಿರುವುದು ಗಟ್ಟಿ ವಸ್ತು ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಅಷ್ಟು ಬಿಸಿ ಇದ್ದರೂ ಯಾಕೆ ಕರಗುವುದಿಲ್ಲ? ಒತ್ತಡದ ಕಾರಣಕ್ಕೆ. ಕರಗಿದಾಗ ಕಲ್ಲು ಹಿಗ್ಗಬೇಕು, ಅದಕ್ಕೆ ಜಾಗ ಬೇಕು. ಮೇಲಿನ ಭಾರ ಆ ಜಾಗ ಕೊಡುವುದಿಲ್ಲ. 100 ಕಿ.ಮೀ. ಆಳದಲ್ಲಿ ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡದ ಸುಮಾರು 30,000 ಪಟ್ಟು. ಮ್ಯಾಂಟಲ್‌ನ ಮೇಲ್ಭಾಗದ ಕಲ್ಲಿನ ಹೆಸರು ಪೆರಿಡೊಟೈಟ್. ನೆಲದ ಮೇಲಿಟ್ಟು ಕಾಯಿಸಿದರೆ ಅದು 1,100 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕರಗಲು ಶುರುವಾಗುತ್ತದೆ. 100 ಕಿ.ಮೀ. ಆಳದಲ್ಲಿ ಅದೇ ಕಲ್ಲು, ಒಣದಾಗಿದ್ದರೆ, 1,450 ಡಿಗ್ರಿಯಲ್ಲೂ ಕರಗುವ ಸೂಚನೆ ಕೊಡುವುದಿಲ್ಲ. ಆಳಕ್ಕೆ ಹೋದಷ್ಟೂ ಬಿಸಿ ಏರುತ್ತದೆ, ನಿಜ. ಆದರೆ ಕರಗಲು ಬೇಕಾದ ಬಿಸಿಯೂ ಅದರ ಜೊತೆಜೊತೆಗೇ ಏರುತ್ತಾ ಹೋಗುತ್ತದೆ. ಹೀಗಾಗಿ ಮ್ಯಾಂಟಲ್ ಸಾಮಾನ್ಯವಾಗಿ ಕರಗುವ ಗೆರೆಯ ಈಚೆಗೇ ನಿಂತಿರುತ್ತದೆ. ಕೆಲವು ಕಡೆ ಮಾತ್ರ ತೀರಾ ಹತ್ತಿರ ಬಂದಿರುತ್ತದೆ.

ಅಂಥ ಕಡೆ ಚೂರು ನೀರು ಸಾಕು.

ಈ ನೀರು ಯಾವ ರೂಪದಲ್ಲಿದೆ ಅನ್ನುವುದನ್ನು ಹತ್ತಿರದಿಂದ ನೋಡೋಣ. ಕೆಲವು ಜ್ವಾಲಾಮುಖಿಗಳು ಉಗುಳಿದ ಕಪ್ಪು ಕಲ್ಲನ್ನು ಒಡೆದರೆ ಒಳಗೆ ಹಸಿರು ಹರಳುಗಳ ಮುದ್ದೆ ಕಾಣಿಸುತ್ತದೆ. ಸಕ್ಕರೆಯ ಹರಳಿನ ಹಾಗೆ ಮಿನುಗುವ, ಎಳೆ ಹಸಿರಿನ ಆ ಹರಳೇ ಆಲಿವಿನ್. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಸೇರಿ ಆದದ್ದು. ಶಿಲಾಪಾಕ ಮೇಲೆ ಬರುವಾಗ ದಾರಿಯಲ್ಲಿ ಕಿತ್ತುಕೊಂಡು ಬಂದ ಮ್ಯಾಂಟಲ್‌ನ ತುಂಡು ಅದು. ಅದರ ರಾಸಾಯನಿಕ ಸೂತ್ರದಲ್ಲಿ ನೀರಿಗೆ ಜಾಗವೇ ಇಲ್ಲ. ಆದರೂ ಹರಳಿನ ಜೋಡಣೆಯಲ್ಲಿ ಅಲ್ಲಲ್ಲಿ ಒಂದೊಂದು ಪರಮಾಣು ತಪ್ಪಿಹೋಗಿರುತ್ತದೆ. ಒಂದು ಮೆಗ್ನೀಸಿಯಂ ಇಲ್ಲದ ಕಡೆ ಎರಡು ಹೈಡ್ರೋಜನ್ ಬಂದು ಕೂತು, ಪಕ್ಕದ ಆಮ್ಲಜನಕವನ್ನು ಹಿಡಿದುಕೊಳ್ಳುತ್ತವೆ. ಮ್ಯಾಂಟಲ್‌ನಲ್ಲಿ 'ನೀರು' ಅಂದರೆ ಮುಖ್ಯವಾಗಿ ಇದೇ. ಹನಿಯಲ್ಲ, ಆವಿಯಲ್ಲ, ಹರಳಿನೊಳಗೆ ಬಿಡಿಬಿಡಿಯಾಗಿ ಸೇರಿಕೊಂಡ ಹೈಡ್ರೋಜನ್. ಆ ಹರಳು ಒಡೆದು ಬೇರೆಯಾದಾಗ ಮಾತ್ರ ಈ ಹೈಡ್ರೋಜನ್, ಆಮ್ಲಜನಕ ಜೊತೆಗೂಡಿ ಮತ್ತೆ ನೀರಾಗಬಲ್ಲವು.

ಮೇಲಿನ ಮ್ಯಾಂಟಲ್‌ನಲ್ಲಿ ಇದು ಬಹಳ ಕಮ್ಮಿ. ಸಾಗರದ ನಡುವಿನ ಬೆಟ್ಟಸಾಲುಗಳ ಕೆಳಗಿನ ಕಲ್ಲಿನಲ್ಲಿ, ಒಂದು ಟನ್ನಿಗೆ 100 ಗ್ರಾಂ ಆಸುಪಾಸು. ಒಂದು ಲೋಟ ನೀರು ಕೂಡ ಆಗುವುದಿಲ್ಲ.

ಆದರೆ 410 ಕಿ.ಮೀ. ಆಳಕ್ಕೆ ಹೋದಾಗ ಒಂದು ಬದಲಾವಣೆ ಆಗುತ್ತದೆ. ಒತ್ತಡ ತಾಳಲಾರದೆ ಆಲಿವಿನ್ ತನ್ನ ಜೋಡಣೆಯನ್ನೇ ಬದಲಿಸಿಕೊಂಡು ವಾಡ್ಸ್ಲಿಯೈಟ್ ಆಗುತ್ತದೆ. ಇನ್ನೂ ಕೆಳಗೆ ರಿಂಗ್‌ವುಡೈಟ್. ಸಾಮಗ್ರಿ ಅದೇ, ಪರಮಾಣುಗಳನ್ನು ಪೇರಿಸಿಟ್ಟ ರೀತಿ ಮಾತ್ರ ಬೇರೆ. ಈ ಹೊಸ ಜೋಡಣೆಗಳಲ್ಲಿ ಹೈಡ್ರೋಜನ್‌ಗೆ ಅನುಕೂಲದ ಜಾಗ ಜಾಸ್ತಿ. ವಾಡ್ಸ್ಲಿಯೈಟ್ ನೀರು ಹಿಡಿಯಬಲ್ಲದು ಅಂತ ಜೋಸೆಫ್ ಸ್ಮಿತ್ ಎಂಬ ಖನಿಜತಜ್ಞರು 1987ರಲ್ಲೇ, ಹರಳಿನ ಜೋಡಣೆಯನ್ನು ಲೆಕ್ಕ ಹಾಕಿ ಹೇಳಿದ್ದರು. ಆಮೇಲೆ ಪ್ರಯೋಗಾಲಯಗಳಲ್ಲಿ ಈ ಎರಡೂ ಖನಿಜಗಳನ್ನು ತಯಾರಿಸಿ ನೋಡಿದಾಗ, ತೂಕದ ಶೇ 2ಕ್ಕೂ ಮೀರಿ ನೀರು ಹಿಡಿಯಬಲ್ಲವು ಎಂದು ಗೊತ್ತಾಯಿತು. 660 ಕಿ.ಮೀ. ದಾಟಿದರೆ ಮತ್ತೆ ಬದಲಾವಣೆ. ರಿಂಗ್‌ವುಡೈಟ್ ಒಡೆದು ಬ್ರಿಡ್ಜ್‌ಮನೈಟ್ ಮತ್ತು ಇನ್ನೊಂದು ಖನಿಜವಾಗುತ್ತದೆ. ಇವು ನೀರನ್ನು ಹಿಡಿಯುವುದು ಅತ್ಯಲ್ಪ.

ಅಂದರೆ 410ರಿಂದ 660 ಕಿ.ಮೀ. ನಡುವೆ 250 ಕಿ.ಮೀ. ದಪ್ಪದ ಒಂದು ಸ್ಪಂಜು ಇದೆ. ಮೇಲೂ ಕೆಳಗೂ ನೀರು ಹಿಡಿಯಲು ಬಾರದ ಕಲ್ಲು. ವಿಜ್ಞಾನಿಗಳು ಇದನ್ನು ಸಂಕ್ರಮಣ ವಲಯ ಅನ್ನುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಎರಡೇ ಖನಿಜಗಳು. ಅವುಗಳಲ್ಲೆಲ್ಲ ಬರೀ ಶೇ 1 ನೀರಿದ್ದರೂ ಸಾಕು, ಅದು ಭೂಮಿಯ ಮೇಲಿನ ಎಲ್ಲ ಸಾಗರಗಳ ನೀರಿಗಿಂತ ಜಾಸ್ತಿಯಾಗುತ್ತದೆ. 'ಮಹಾಸಾಗರ' ಎಂಬ ತಲೆಬರಹ ಹುಟ್ಟಿದ್ದು ಈ ಲೆಕ್ಕದಿಂದ.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆಸ್ಟ್ರೇಲಿಯಾದ ಟೆಡ್ ರಿಂಗ್‌ವುಡ್. ಆಳದಲ್ಲಿ ಆಲಿವಿನ್ ಹೀಗೆ ರೂಪ ಬದಲಿಸುತ್ತದೆ ಅನ್ನುವುದನ್ನು ದಶಕಗಳ ಕಾಲ ಪ್ರಯೋಗ ಮಾಡಿ ತೋರಿಸಿದವರು. 1879ರಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿದ್ದಿದ್ದ ಟೆನ್‌ಹ್ಯಾಂ ಉಲ್ಕಾಶಿಲೆಯಲ್ಲಿ ಈ ಖನಿಜ ಮೊದಲ ಸಲ ಸಿಕ್ಕಿ, 1969ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. ಬಾಹ್ಯಾಕಾಶದಲ್ಲಿ ಕಲ್ಲುಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗಿನ ಒತ್ತಡದಲ್ಲಿ ಹುಟ್ಟಿದ ರಿಂಗ್‌ವುಡೈಟ್ ಅದು. ಭೂಮಿಯದೇ ರಿಂಗ್‌ವುಡೈಟ್ ಕಣ್ಣಿಗೆ ಬೀಳುವ ಹೊತ್ತಿಗೆ ಅವರು ಇರಲಿಲ್ಲ. 1993ರಲ್ಲೇ ತೀರಿಕೊಂಡಿದ್ದರು. ಜುಯಿನಾದ ಆ ಕಣವನ್ನು ಅವರು ಒಂದು ಸಲ ನೋಡಬೇಕಿತ್ತು ಅನಿಸುತ್ತದೆ.

ಈಗ ಕರಗುವ ವಿಷಯ. ನೀರು ಬೆಂಕಿಯನ್ನು ಆರಿಸುವುದು ನಮಗೆ ಗೊತ್ತು, ಕಲ್ಲನ್ನು ಕರಗಿಸುವುದು ಹೇಗೆ? ಮಂಜುಗಡ್ಡೆಯ ಮೇಲೆ ಉಪ್ಪು ಹಾಕಿದರೆ ಏನಾಗುತ್ತದೆ ನೋಡಿ. ಉಪ್ಪು ಬಿಸಿಯನ್ನು ತರುವುದಿಲ್ಲ. ಆದರೂ ಸೊನ್ನೆ ಡಿಗ್ರಿಗಿಂತ ಕೆಳಗೇ ಮಂಜು ಕರಗಲು ಶುರುವಾಗುತ್ತದೆ. ಕಾರಣ, ಉಪ್ಪು ದ್ರವದಲ್ಲಿ ಬೆರೆಯುತ್ತದೆ, ಹರಳಿನಲ್ಲಿ ಬೆರೆಯುವುದಿಲ್ಲ. ಹಾಗಾಗಿ ಅದು ಇದ್ದಾಗ ದ್ರವವಾಗಿರುವುದೇ ಹೆಚ್ಚು ಅನುಕೂಲ. ಕಲ್ಲಿಗೂ ನೀರಿಗೂ ಇರುವ ಸಂಬಂಧ ಇದೇ. ಹರಳಿಗೆ ನೀರು ಅಂದರೆ ಕಷ್ಟ, ಕರಗಿದ ಕಲ್ಲಿಗೆ ಇಷ್ಟ. ಕರಗಿದ ಕಲ್ಲಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಒಂದಕ್ಕೊಂದು ಕೈ ಹಿಡಿದು ಉದ್ದನೆಯ ಸರಪಳಿ ಕಟ್ಟಿಕೊಂಡಿರುತ್ತವೆ. ನೀರು ನಡುವೆ ನುಗ್ಗಿ ಆ ಸರಪಳಿಯನ್ನು ತುಂಡು ಮಾಡುತ್ತದೆ. ತುಂಡಾದ ಸರಪಳಿ ಸುಲಭವಾಗಿ ಹರಿಯುತ್ತದೆ. ಒಣ ಪೆರಿಡೊಟೈಟ್ 1,450 ಡಿಗ್ರಿಯಲ್ಲೂ ಗಟ್ಟಿಯಾಗಿರುವ ಆಳದಲ್ಲೇ, ನೀರು ಧಾರಾಳವಾಗಿದ್ದರೆ ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಅದು ಕರಗಲು ಶುರುವಾಗುತ್ತದೆ. ಬೆಂಕಿ ಒಂದಿಷ್ಟೂ ಹೆಚ್ಚಾಗದೆ ನಾನ್ನೂರಕ್ಕೂ ಹೆಚ್ಚು ಡಿಗ್ರಿಯ ವ್ಯತ್ಯಾಸ!

'ಶುರುವಾಗುತ್ತದೆ' ಅನ್ನುವ ಮಾತನ್ನು ಸುಮ್ನೆ ಬಳಸುತ್ತಿಲ್ಲ. ಮಂಜುಗಡ್ಡೆಯ ಹಾಗೆ ಒಂದೇ ಬಿಸಿಯಲ್ಲಿ ಪೂರ್ತಿ ಕರಗುವ ವಸ್ತು ಅಲ್ಲ ಕಲ್ಲು. ಅದು ಹಲವು ಖನಿಜಗಳ ಮಿಶ್ರಣ. ಪೆರಿಡೊಟೈಟ್ ಕರಗಲು ಶುರುವಾಗುವುದಕ್ಕೂ ಪೂರ್ತಿ ಕರಗಿ ಮುಗಿಯುವುದಕ್ಕೂ ನೂರಾರು ಡಿಗ್ರಿಗಳ ಅಂತರ ಇದೆ. ಈ ನಡುವಿನ ಸ್ಥಿತಿಯೇ ಭಾಗಶಃ ಕರಗುವಿಕೆ. ಭೂಮಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ಇಷ್ಟೇ, ನೂರರಲ್ಲಿ ಒಂದು ಪಾಲು, ಹತ್ತು ಪಾಲು, ಕೆಲವೊಮ್ಮೆ ಇಪ್ಪತ್ತು. ಮೊದಲು ಕರಗಿ ಬರುವ ರಸ ಮೂಲ ಕಲ್ಲಿನ ನಕಲೂ ಅಲ್ಲ. ಸುಲಭವಾಗಿ ಕರಗುವ ಅಂಶಗಳೇ ಅದರಲ್ಲಿ ಜಾಸ್ತಿ. ಸಾಗರತಳವನ್ನೆಲ್ಲ ಹಾಸಿರುವ ಕಪ್ಪು ಬಸಾಲ್ಟ್, ಹಸಿರು ಪೆರಿಡೊಟೈಟ್‌ನಿಂದ ಹೀಗೆ ಹಿಂಡಿ ಬಂದ ರಸ.

ಆ ರಸ ಎಲ್ಲಿ ಕಾಣಿಸಿಕೊಳ್ಳುತ್ತದೆ? ಹರಳುಗಳ ನಡುವಿನ ಸಂದಿಗಳಲ್ಲಿ. ಮೂರು ಹರಳು ಸೇರುವ ಮೂಲೆಯಲ್ಲಿ ಮೊದಲು ತೆಳು ಎಳೆಯ ಹಾಗೆ ಮೂಡುತ್ತದೆ. ರಸ ಹರಳಿಗೆ ಚೆನ್ನಾಗಿ ಅಂಟಿ ಹರಡುವ ಗುಣದ್ದಾದರೆ ಈ ಎಳೆಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಾಗುತ್ತವೆ. ಆಗ ಶೇ 1ರಷ್ಟೇ ರಸವಿದ್ದರೂ ಅದು ಹರಿಯಬಲ್ಲದು. ಒದ್ದೆ ಮರಳನ್ನು ನೆನೆಸಿಕೊಳ್ಳಿ. ಕಣಗಳೆಲ್ಲ ಗಟ್ಟಿ, ಆದರೂ ನೀರು ಸಂದಿಗಳಲ್ಲಿ ಇಳಿದು ಹೋಗುತ್ತದೆ ಅಲ್ವಾ? ಇನ್ನೊಂದು ವಿಷಯ. ರಸದ ಮೊದಲ ಹನಿ ಮೂಡಿದ ಕೂಡಲೇ ಸುತ್ತಲ ಹರಳುಗಳ ನೀರೆಲ್ಲ ಅದಕ್ಕೇ ನುಗ್ಗುತ್ತದೆ. ಹರಳಿನಲ್ಲಿ ಒಂದು ಪಾಲು ಉಳಿದರೆ ರಸದಲ್ಲಿ ನೂರು ಪಾಲಿನಷ್ಟು ಸೇರುತ್ತದೆ. ಹಾಗಾಗಿ ಸ್ವಲ್ಪ ಕರಗಿದ ಮೇಲೆ ಉಳಿದ ಕಲ್ಲು ಒಣಗಿ, ಮುಂದೆ ಕರಗುವುದು ಕಷ್ಟವಾಗುತ್ತದೆ. ನೀರು ಕರಗುವಿಕೆಯನ್ನು ಬೇಗ ಶುರು ಮಾಡಿಸುತ್ತದೆ, ಆದರೆ ಬಹಳ ದೂರ ಕೊಂಡೊಯ್ಯುವುದಿಲ್ಲ.

ಇಷ್ಟು ಗೊತ್ತಾದರೆ ಮುಂದಿನದನ್ನು ಊಹಿಸಬಹುದು. ನೀರು ಹಿಡಿದಿದ್ದ ಖನಿಜ, ಹಿಡಿಯಲಾಗದ ಖನಿಜವಾಗಿ ಬದಲಾಗುವ ಕಡೆಯೆಲ್ಲ ನೀರು ಹೊರಬೀಳುತ್ತದೆ. ಅಲ್ಲಿನ ಬಿಸಿ ಸಾಕಷ್ಟಿದ್ದರೆ ಕಲ್ಲು ಕರಗುತ್ತದೆ. ಅಂಥ ಮುಖ್ಯ ಜಾಗಗಳು ಮೂರು.

ಮೊದಲನೆಯದನ್ನು ನಾವು ಕಣ್ಣಾರೆ ನೋಡಬಹುದು. ಪೆಸಿಫಿಕ್ ಸಾಗರದ ಸುತ್ತ ಜಪಾನ್, ಇಂಡೊನೇಷ್ಯಾ, ಫಿಲಿಪೀನ್ಸ್, ಅಲಾಸ್ಕಾ, ಆಂಡಿಸ್ ಎಲ್ಲ ಕಡೆ ಜ್ವಾಲಾಮುಖಿಗಳ ಸಾಲು ಇದೆ. ಭೂಮಿಯ ಗಟ್ಟಿ ಹೊರಭಾಗ ದೊಡ್ಡ ದೊಡ್ಡ ತುಂಡುಗಳಾಗಿದೆ, ಅವೇ ಫಲಕಗಳು. ಇಲ್ಲೆಲ್ಲ ಸಾಗರತಳದ ಫಲಕ ಇನ್ನೊಂದು ಫಲಕದ ಅಡಿಗೆ ಜಾರಿ ಮ್ಯಾಂಟಲ್‌ಗೆ ಇಳಿಯುತ್ತಿದೆ. ಒಂದು ಕ್ಷಣ ಯೋಚಿಸಿ, ಇದು ವಿಚಿತ್ರ. ಕೋಟ್ಯಂತರ ವರ್ಷ ಸಮುದ್ರದ ಅಡಿಯಲ್ಲಿ ತಣ್ಣಗಾದ ಫಲಕ ಅದು. ಅದು ಇಳಿದ ಕಡೆ ಮ್ಯಾಂಟಲ್ ಇನ್ನೂ ತಣ್ಣಗಾಗಬೇಕು, ಜ್ವಾಲಾಮುಖಿ ಇರಲೇಬಾರದು. ಆದರೆ ಭೂಮಿಯ ಅತಿ ಉಗ್ರ ಜ್ವಾಲಾಮುಖಿಗಳು ಇರುವುದು ಸರಿಯಾಗಿ ಅಲ್ಲೇ.

ಗುಟ್ಟು ಫಲಕ ಹೊತ್ತೊಯ್ಯುವ ನೀರಿನಲ್ಲಿದೆ. ಫಲಕ ಬಾಗಿ ಇಳಿಯುವ ಮುಂಚೆ ಬಿರುಕು ಬಿಡುತ್ತದೆ, ಸಮುದ್ರದ ನೀರು ಒಳಗಿಳಿಯುತ್ತದೆ. ಆ ನೀರು ಆಲಿವಿನ್ ಜೊತೆ ಸೇರಿ ಸರ್ಪೆಂಟೈನ್ ಎಂಬ ಖನಿಜವಾಗುತ್ತದೆ. ಮುಟ್ಟಿದರೆ ನುಣುಪು, ನೋಡಿದರೆ ಹಾವಿನ ಚರ್ಮದ ಹಸಿರು. ತೂಕದ ಸುಮಾರು ಶೇ 13 ಬರೀ ನೀರು! ಫಲಕ ಕೆಳಗಿಳಿದಂತೆ ಬಿಸಿಯೇರುತ್ತದೆ. 600, 700 ಡಿಗ್ರಿ ತಲುಪುವ ಹೊತ್ತಿಗೆ ಸರ್ಪೆಂಟೈನ್ ಒಡೆದು ನೀರನ್ನು ಬಿಟ್ಟುಬಿಡುತ್ತದೆ. ಅಷ್ಟು ಬಿಸಿಯಲ್ಲಿ ಫಲಕದೊಳಗಿನ ಪೆರಿಡೊಟೈಟ್ ತಾನೇ ಕರಗುವುದಿಲ್ಲ. ಆದರೆ ಬಿಟ್ಟ ನೀರು ಮೇಲಕ್ಕೇರಿ, ಫಲಕದ ಮೇಲೆ ಬೆಣೆಯ ಹಾಗೆ ಕೂತಿರುವ ಬಿಸಿ ಮ್ಯಾಂಟಲ್‌ಗೆ ಸೇರುತ್ತದೆ. ಅದಂತೂ ಕರಗುವ ಗೆರೆಯ ಅಂಚಿನಲ್ಲೇ ಇತ್ತು. ನೀರು ತಾಗಿದ್ದೇ ತಡ, ಕರಗುತ್ತದೆ. ಇಂಥ ಜ್ವಾಲಾಮುಖಿಗಳ ನೇರ ಕೆಳಗೆ, ಸರಾಸರಿ 100 ಕಿ.ಮೀ. ಆಳದಲ್ಲಿ, ಆ ಇಳಿಯುವ ಫಲಕ ಇರುತ್ತದೆ.

ಆ ನೀರು ಕೊನೆಯವರೆಗೂ ಶಿಲಾಪಾಕದ ಜೊತೆಗೇ ಬರುತ್ತದೆ. ಹೊರಬಂದ ಆಲಿವಿನ್ ಹರಳುಗಳೊಳಗೆ, ಗಟ್ಟಿಯಾಗುವಾಗ ಸಿಕ್ಕಿಬಿದ್ದ ಶಿಲಾಪಾಕದ ಸೂಕ್ಷ್ಮ ಹನಿಗಳಿರುತ್ತವೆ. ಅವುಗಳಲ್ಲಿ ಅಳೆದಾಗ ತೂಕದ ಶೇ 4ರ ಆಸುಪಾಸು ನೀರು ಕಂಡಿದೆ. ಹವಾಯಿಯ ಶಿಲಾಪಾಕದಲ್ಲಿ ಶೇ 1ಕ್ಕಿಂತಲೂ ಕಮ್ಮಿ. ಹವಾಯಿಯ ಲಾವಾ ಹೊಳೆಯ ಹಾಗೆ ಹರಿಯುವುದಕ್ಕೂ 1991ರಲ್ಲಿ ಫಿಲಿಪೀನ್ಸ್‌ನ ಪಿನಟೂಬೊ ಸಿಡಿದು ಆಕಾಶವನ್ನೇ ಬೂದಿ ಮಾಡಿದ್ದಕ್ಕೂ ಈ ವ್ಯತ್ಯಾಸ ಒಂದು ದೊಡ್ಡ ಕಾರಣ. ಮೇಲೆ ಬಂದು ಒತ್ತಡ ಕಳೆದಾಗ ನೀರು ಗುಳ್ಳೆಯಾಗಿ ಹಿಗ್ಗುತ್ತದೆ, ಶಿಲಾಪಾಕವನ್ನು ಚೂರುಚೂರು ಮಾಡಿ ಎರಚುತ್ತದೆ.

ಎಲ್ಲ ನೀರೂ ಹೀಗೆ ವಾಪಸ್ ಬರುವುದಿಲ್ಲ. ಫಲಕ ಹಳೆಯದಾಗಿ ತೀರಾ ತಣ್ಣಗಿದ್ದರೆ, ಒಂದಿಷ್ಟು ನೀರು ಬೇರೆ ಬೇರೆ ಖನಿಜಗಳಿಗೆ ಕೈ ಬದಲಾಯಿಸಿಕೊಳ್ಳುತ್ತಾ ಇನ್ನೂ ಆಳಕ್ಕೆ ಹೋಗುತ್ತದೆ. ಆ ಸ್ಪಂಜಿಗೆ ನೀರು ತಲುಪುವ ಒಂದು ದಾರಿ ಇದು.

ಎರಡನೆಯ ಜಾಗ 410 ಕಿ.ಮೀ. ಗಡಿ. ಸಂಕ್ರಮಣ ವಲಯದ ಕಲ್ಲು ನಿಧಾನವಾಗಿ ಮೇಲೇಳುವಾಗ ಈ ಗಡಿ ದಾಟುತ್ತದೆ. ವಾಡ್ಸ್ಲಿಯೈಟ್ ಮತ್ತೆ ಆಲಿವಿನ್ ಆಗುತ್ತದೆ. ಆಲಿವಿನ್‌ಗೆ ಅಷ್ಟು ನೀರು ಹಿಡಿಯಲು ಬಾರದು. ಮಿಕ್ಕಿದ ನೀರು ಕಲ್ಲನ್ನು ಸ್ವಲ್ಪ ಕರಗಿಸುತ್ತದೆ. 2003ರಲ್ಲಿ ಡೇವಿಡ್ ಬರ್ಕೊವಿಚಿ ಮತ್ತು ಶುನ್-ಇಚಿರೊ ಕರಾಟೊ ಇದನ್ನೇ ಆಧಾರವಾಗಿಟ್ಟುಕೊಂಡು ಒಂದು ಕಲ್ಪನೆ ಮುಂದಿಟ್ಟರು. ಈ ಗಡಿ ಜರಡಿಯ ಹಾಗೆ ಕೆಲಸ ಮಾಡುತ್ತದೆ, ನೀರನ್ನೂ ರಸಕ್ಕೆ ಸುಲಭವಾಗಿ ಸೇರುವ ಧಾತುಗಳನ್ನೂ ಕೆಳಗೇ ತಡೆದು ಒಣಕಲು ಕಲ್ಲನ್ನು ಮಾತ್ರ ಮೇಲೆ ಬಿಡುತ್ತದೆ ಅಂತ. ಕರಗಿದ ರಸ ಹಗುರ, ಮೇಲೇರಿ ಹೋಗಬೇಕಲ್ಲ ಅನ್ನಬಹುದು. ಇಲ್ಲೇ ಒತ್ತಡದ ಇನ್ನೊಂದು ಆಟ ಇದೆ. ದ್ರವವನ್ನು ಹರಳಿಗಿಂತ ಸುಲಭವಾಗಿ ಅದುಮಬಹುದು. ಅಷ್ಟು ಆಳದಲ್ಲಿ ರಸ ಎಷ್ಟು ಅದುಮಿ ಹೋಗಿರುತ್ತದೆ ಅಂದರೆ, ಸುತ್ತಲ ಆಲಿವಿನ್‌ಗಿಂತ ಅದೇ ಭಾರವಾಗಬಹುದು. ಹಾಗಾದಾಗ ಅದು ಮೇಲೆ ಹೋಗದೆ ಗಡಿಯ ನೆತ್ತಿಯ ಮೇಲೆ ತೆಳು ಪದರವಾಗಿ ಕೂರುತ್ತದೆ. ಪೂರ್ವ ಚೀನಾದ ಕೆಳಗೆ, ಈ ಗಡಿಗೆ ಸ್ವಲ್ಪ ಮೇಲೆ ಕರಗಿದ ಪದರ ಇರುವ ಸೂಚನೆ 1994ರಲ್ಲೇ ಭೂಕಂಪದ ಅಲೆಗಳಲ್ಲಿ ಸಿಕ್ಕಿತ್ತು.

ಮೂರನೆಯದು 660 ಕಿ.ಮೀ. ಗಡಿ. ಇಲ್ಲಿ ಇಳಿಯುವ ಕಲ್ಲು ನೀರು ಬಿಡುತ್ತದೆ. 2014ರಲ್ಲಿ ಬ್ರಾಂಡನ್ ಶ್ಮಾಂಟ್, ಸ್ಟೀವನ್ ಜೇಕಬ್ಸನ್ ಮತ್ತು ಜೊತೆಗಾರರು ಇದನ್ನು ಎರಡು ಕಡೆಯಿಂದ ಹಿಡಿದರು. ಜೇಕಬ್ಸನ್ ನೀರು ಸೇರಿದ ರಿಂಗ್‌ವುಡೈಟ್ ಅನ್ನು ತಾವೇ ತಯಾರಿಸಿದರು. ಗಾಢ ನೀಲಿ ಬಣ್ಣದ ಹರಳು ಅದು. ಎರಡು ವಜ್ರಗಳ ಚೂಪು ತುದಿಗಳ ನಡುವೆ ಅದನ್ನು ಅದುಮಿ, ಲೇಸರ್‌ನಿಂದ ಸುಮಾರು 1,600 ಡಿಗ್ರಿಗೆ ಕಾಯಿಸಿದರು. ರಿಂಗ್‌ವುಡೈಟ್ ಬ್ರಿಡ್ಜ್‌ಮನೈಟ್ ಆಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಸ ಹರಳುಗಳ ಸಂದಿಯಲ್ಲಿ ಕರಗಿದ ರಸದ ಗುರುತು! ಇತ್ತ ಶ್ಮಾಂಟ್, ಅಮೆರಿಕದ ಉದ್ದಗಲಕ್ಕೂ ಇಟ್ಟಿದ್ದ ಎರಡು ಸಾವಿರಕ್ಕೂ ಹೆಚ್ಚು ಭೂಕಂಪಮಾಪಕಗಳ ದಾಖಲೆ ಜಾಲಾಡಿದರು. ಮ್ಯಾಂಟಲ್ ಕೆಳಮುಖವಾಗಿ ಹರಿಯುತ್ತಿರುವ ಕಡೆಗಳಲ್ಲಿ, 660ರ ಗಡಿಗೆ ಸ್ವಲ್ಪ ಕೆಳಗೆ ಅಲೆಗಳು ನಿಧಾನವಾಗುತ್ತಿದ್ದವು. ಅವರ ಅಂದಾಜಿನಲ್ಲಿ ಕರಗಿದ ಪಾಲು ಶೇ 1ರ ಒಳಗೇ.

ಇಷ್ಟು ಕಮ್ಮಿ ರಸವನ್ನು ನೂರಾರು ಕಿ.ಮೀ. ದೂರದಿಂದ ಗುರುತಿಸುವುದು ಹೇಗೆ? ಮುಖ್ಯವಾಗಿ ಎರಡು ಸಾಧನ. ಒಂದು, ಆಗಲೇ ಹೇಳಿದ 'ಎಸ್' ಅಲೆ. ಸಂದಿಗಳಲ್ಲಿ ರಸ ಇದ್ದರೆ ಹರಳುಗಳ ನಡುವಿನ ಬಿಗಿ ಕಮ್ಮಿಯಾಗಿ ಅಲೆ ನಿಧಾನವಾಗುತ್ತದೆ. ಇನ್ನೊಂದು ವಿದ್ಯುತ್. ಸೂರ್ಯನಿಂದ ಬರುವ ಕಣಗಳೂ ಮಿಂಚುಗಳೂ ಭೂಮಿಯ ಕಾಂತಕ್ಷೇತ್ರವನ್ನು ಸದಾ ಅಲುಗಿಸುತ್ತಿರುತ್ತವೆ. ಅದರಿಂದ ನೆಲದೊಳಗೆ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಒಣ ಕಲ್ಲಿಗಿಂತ ನೀರು ಸೇರಿದ ಕಲ್ಲು, ಅದಕ್ಕಿಂತ ಕರಗಿದ ರಸ ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತವೆ. ತೊಡಕು ಏನೆಂದರೆ, ಬರೀ ಬಿಸಿ ಹೆಚ್ಚಾದರೂ ಅಲೆ ನಿಧಾನವಾಗುತ್ತದೆ, ವಿದ್ಯುತ್ ಚೆನ್ನಾಗಿ ಹಾಯುತ್ತದೆ. ಅದಕ್ಕೇ ಒಂದು ಅಳತೆಯನ್ನು ಇನ್ನೊಂದರ ಜೊತೆ, ಎರಡನ್ನೂ ಪ್ರಯೋಗಾಲಯದ ಹರಳಿನ ಜೊತೆ ಇಟ್ಟು ನೋಡಲೇಬೇಕು.

ಜುಯಿನಾದ ಕಣದ ಬಗ್ಗೆಯೂ ಇದೇ ಎಚ್ಚರ ಬೇಕು. ಒಂದು ಹರಳು ಒಂದು ಜಾಗದ ಸಾಕ್ಷಿ. ನೀರು ಹೊತ್ತು ಇಳಿದ ಯಾವುದೋ ಫಲಕದ ಪಕ್ಕದಲ್ಲಿ ಅದು ಹುಟ್ಟಿರಬಹುದು, ಉಳಿದ ಕಡೆ ಸ್ಪಂಜು ಅಷ್ಟು ಒದ್ದೆ ಇಲ್ಲದಿರಬಹುದು. 'ಸ್ಪಂಜಿಗೆ ಇಷ್ಟು ನೀರು ಹಿಡಿಯುವ ಶಕ್ತಿ ಇದೆ' ಅನ್ನುವುದೂ 'ಇಷ್ಟು ನೀರು ಇದೆ' ಅನ್ನುವುದೂ ಒಂದೇ ಅಲ್ಲ. ತಲೆಬರಹಗಳು ತಪ್ಪಿದ್ದು ಇಲ್ಲೇ. ಎರಡನೆಯ ಸಾಕ್ಷಿಯೂ ಬಂದಿದೆ ಅನ್ನುವುದು ಸಂತೋಷದ ವಿಷಯ. 2022ರಲ್ಲಿ, ಬೋಟ್ಸ್ವಾನಾದ ಕರೋವೆ ಗಣಿಯ ವಜ್ರವೊಂದರಲ್ಲಿ ನೀರು ಸೇರಿದ ರಿಂಗ್‌ವುಡೈಟ್ ಸಿಕ್ಕ ವರದಿ ಬಂತು. ಅದರ ಪಕ್ಕದಲ್ಲೇ, ಅದೇ ಪೊಟ್ಟಣದಲ್ಲಿ ಕಟ್ಟಿಟ್ಟ ಹಾಗೆ, ರಿಂಗ್‌ವುಡೈಟ್ ಒಡೆದಾಗ ಹುಟ್ಟುವ ಖನಿಜಗಳ ಗುರುತೂ ಇತ್ತು. ಅಂದರೆ ಆ ವಜ್ರ ಬೆಳೆದದ್ದು ಸರಿಯಾಗಿ 660 ಕಿ.ಮೀ. ಗಡಿಯಲ್ಲಿ, ಕಲ್ಲು ನೀರನ್ನು ಕೈಬಿಡುವ ಆ ಜಾಗದಲ್ಲೇ.